ತೋಟದಲ್ಲಿ ಕಲ್ಲು ನೆಟ್ಟ ಮೇಲೆ

ಕಾಫಿ ಕುಯ್ಲು ಮುಗಿದ ಹೊತ್ತು. ದೊಡ್ಡಪ್ಪ ಬೆಳಿಗ್ಗೆ ತೋಟಕ್ಕೆ ಹೋದವರು ಅರ್ಧ ಗಂಟೆಯಲ್ಲೇ ವಾಪಸ್ ಬಂದರು. "ಯಾರೋ ಕಲ್ಲು ನೆಟ್ಟವ್ರೆ ಕಣೋ, ಕೆಂಪು ಬಣ್ಣ ಹೊಡೆದು" ಅಂದರು. ಹೋಗಿ ನೋಡಿದರೆ ಒಂದಲ್ಲ, ಐದು ಕಲ್ಲು. ಸಿಲ್ವರ್ ಮರಗಳ ನಡುವೆ ನೂಲು ಹಿಡಿದ ಹಾಗೆ ನೇರ ಬಂದು, ಬಾವಿಯ ಪಕ್ಕ ಹಾದು, ಕೆಳಗಿನ ಗದ್ದೆಗೆ ಇಳಿದಿದ್ದವು. ನಮ್ಮದು ಹಾಸನ ಜಿಲ್ಲೆಯ ಆಲೂರು ಕಡೆಯ ಒಂದು ಸಣ್ಣ ಊರು. ಯಾವ ಯೋಜನೆ, ಯಾವ ಕಚೇರಿ ಅನ್ನೋದು ಇಲ್ಲಿ ಬೇಡ. ಆ ಕಲ್ಲು ಭೂಸ್ವಾಧೀನದ ಗುರುತು. ಕೊನೆಗೆ ಹೋಗಿದ್ದು 22 ಗುಂಟೆ. ಅದರ ಹಿಂದೆ ಓಡಾಡಿದ ವರ್ಷಗಳಲ್ಲಿ ಕಲಿತದ್ದನ್ನು ಬರೆಯುತ್ತಿದ್ದೇನೆ.

ಹಾಸನ ಜಿಲ್ಲೆಯವರಿಗೆ ಭೂಸ್ವಾಧೀನ ಹೊಸದಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಶೆಟ್ಟಿಹಳ್ಳಿಯ ಮುಳುಗಿದ ಚರ್ಚ್ ನೋಡಲು ಈಗ ಜನ ಕ್ಯಾಮೆರಾ ಹಿಡಿದು ಬರುತ್ತಾರೆ. ಅದರ ಸುತ್ತ ಮುಳುಗಿದ ಮನೆ, ಗದ್ದೆಗಳ ಫೋಟೋ ಯಾರ ಹತ್ತಿರವೂ ಇಲ್ಲ. ಆಮೇಲೆ ಯಗಚಿ, ವಾಟೆಹೊಳೆ ಅಣೆಕಟ್ಟುಗಳು, ರೈಲು ಮಾರ್ಗ, ಕೈಗಾರಿಕಾ ಪ್ರದೇಶ, ಬೆಂಗಳೂರು-ಮಂಗಳೂರು ಹೆದ್ದಾರಿಯ ಅಗಲೀಕರಣ, ಎತ್ತಿನಹೊಳೆ ಕಾಲುವೆ. ಪ್ರತಿ ಹೋಬಳಿಯಲ್ಲೂ "ನಮ್ದೂ ಹೋಯ್ತು" ಅನ್ನುವವರು ಒಬ್ಬರಾದರೂ ಸಿಗುತ್ತಾರೆ. ಆದರೂ ನೋಟಿಸ್ ಬಂದಾಗ ಎಲ್ಲರೂ ಕೇಳುವುದು ಅದೇ ಎರಡು ಪ್ರಶ್ನೆ. ಕೊಡಲ್ಲ ಅಂದ್ರೆ ಏನಾಗುತ್ತೆ? ಕೊಟ್ರೆ ಎಷ್ಟು ಬರುತ್ತೆ?

ಕೊಡಲ್ಲ ಅನ್ನಬಹುದಾ?

ಒಂದು ಕಾಲಕ್ಕೆ ಆಸ್ತಿ ನಮ್ಮ ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆಯಿತು. ಈಗ ಇರುವುದು 300ಎ ವಿಧಿ. ಅದು ಹೇಳುವುದು ಇಷ್ಟೇ: ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳುವಂತಿಲ್ಲ. ಅಂದರೆ ಕಾನೂನು ಇದ್ದರೆ, ಸಾರ್ವಜನಿಕ ಉದ್ದೇಶ ಇದ್ದರೆ, ಪರಿಹಾರ ಕೊಟ್ಟರೆ, ತೆಗೆದುಕೊಳ್ಳಬಹುದು. ರಸ್ತೆ, ಕಾಲುವೆ, ರೈಲಿನಂಥ ಸರ್ಕಾರದ ಸ್ವಂತ ಕೆಲಸಕ್ಕೆ ನಿಮ್ಮ ಒಪ್ಪಿಗೆಯನ್ನು ಕಾನೂನು ಕೇಳುವುದೇ ಇಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಒಪ್ಪಿಗೆ ಬೇಕಾಗುವುದು ಖಾಸಗಿ ಕಂಪನಿಗೆ ಜಮೀನು ಕೊಡಿಸುವಾಗ. ಆಗ 80% ಕುಟುಂಬಗಳು ಒಪ್ಪಬೇಕು. ಸರ್ಕಾರ ಮತ್ತು ಖಾಸಗಿ ಸೇರಿ ಮಾಡುವ ಯೋಜನೆಗೆ 70%.

ಹಾಗಂತ ಬಾಯಿ ಮುಚ್ಚಿಕೊಂಡು ಕೂರಬೇಕು ಅಂತಲ್ಲ. 300ಎ ವಿಧಿ ನೋಡೋಕೆ ಒಂದೇ ಸಾಲು. ಆದರೆ ಅದರೊಳಗೆ ಏಳು ಹಕ್ಕುಗಳಿವೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಕೋಲ್ಕತ್ತ ಪಾಲಿಕೆಯ ಒಂದು ಕೇಸಿನಲ್ಲಿ ಬಿಡಿಸಿ ಹೇಳಿದೆ. ಮೊದಲು ನೋಟಿಸ್ ಕೊಡಬೇಕು. ನಿಮ್ಮ ಆಕ್ಷೇಪಣೆ ಕೇಳಬೇಕು. ಕಾರಣ ಹೇಳಿ ತೀರ್ಮಾನ ಮಾಡಬೇಕು. ಸಾರ್ವಜನಿಕ ಉದ್ದೇಶ ಇದೆ ಅಂತ ತೋರಿಸಬೇಕು. ನ್ಯಾಯವಾದ ಪರಿಹಾರ ಕೊಡಬೇಕು. ಕಾಲಮಿತಿಯೊಳಗೆ ಮಾಡಬೇಕು. ಕೊನೆಗೆ ಪ್ರಕ್ರಿಯೆ ಪೂರ್ತಿ ಮುಗಿಸಬೇಕು. ಇದರಲ್ಲಿ ಯಾವುದನ್ನು ಹಾರಿಸಿದರೂ ಪ್ರಶ್ನಿಸಬಹುದು.

ಇನ್ನೊಂದು ತೀರ್ಪು ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ್ದು. ಹಿಮಾಚಲ ಪ್ರದೇಶದಲ್ಲಿ 1967-68ರಲ್ಲಿ ರಸ್ತೆಗೆ ಅಂತ ಒಬ್ಬ ಮಹಿಳೆಯ ಜಮೀನು ತೆಗೆದುಕೊಂಡಿದ್ದರು. ನೋಟಿಸ್ ಇಲ್ಲ, ಪರಿಹಾರ ಇಲ್ಲ. ಇಷ್ಟು ವರ್ಷ ನಮ್ಮ ಸ್ವಾಧೀನದಲ್ಲೇ ಇದೆ, ಈಗ ಅದು ನಮ್ಮದೇ ಎಂದು ಸರ್ಕಾರ ವಾದಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿ, ಪರಿಹಾರ ಕೊಡಿ ಅಂದಿತು. "ನಮ್ಮಜ್ಜ ರಸ್ತೆಗೆ ಬಿಟ್ಕೊಟ್ಟಿದ್ರು" ಅನ್ನುವ ಮಾತು ನಮ್ಮೂರುಗಳಲ್ಲಿ ಎಷ್ಟು ಸಲ ಕೇಳುತ್ತೇವೆ! ಬಿಟ್ಟುಕೊಟ್ಟಿದ್ದಕ್ಕೆ ಒಂದು ಚೀಟಿಯಾದರೂ ಇದೆಯಾ ಅಂತ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಾರೆ.

ಮೊದಲು ನೋಡಬೇಕಾದ್ದು ಯಾವ ಕಾಯ್ದೆ ಅಂತ

ನೋಟಿಸ್ ಕೈಗೆ ಬಂದ ತಕ್ಷಣ ಎಲ್ಲರ ಕಣ್ಣು ಸರ್ವೆ ನಂಬರಿನ ಮೇಲೆ ಬೀಳುತ್ತದೆ. ನಾನೂ ಹಾಗೇ ಮಾಡಿದ್ದೆ. ನಿಜವಾಗಿ ಮೊದಲು ಓದಬೇಕಾದ್ದು ತಲೆಬರಹದಲ್ಲಿರುವ ಕಾಯ್ದೆಯ ಹೆಸರು. ಆಕ್ಷೇಪಣೆಗೆ ಎಷ್ಟು ದಿನ, ಯಾರ ಮುಂದೆ, ಹಣ ಕಡಿಮೆ ಆದರೆ ಎಲ್ಲಿಗೆ ಹೋಗಬೇಕು, ಇದೆಲ್ಲ ಅದರ ಮೇಲೇ ನಿಂತಿದೆ.

2013ರ ಕಾಯ್ದೆ ಜಾರಿಗೆ ಬಂದದ್ದು 2014ರ ಜನವರಿ 1ರಿಂದ. ಅಲ್ಲಿಯವರೆಗೆ ಬ್ರಿಟಿಷರ ಕಾಲದ 1894ರ ಕಾಯ್ದೆಯೇ ನಡೆಯುತ್ತಿತ್ತು. ಹೊಸ ಕಾಯ್ದೆಯಲ್ಲಿ ಮೊದಲ ಮೆಟ್ಟಿಲು ಸಾಮಾಜಿಕ ಪರಿಣಾಮ ಅಧ್ಯಯನ. ಈ ಯೋಜನೆ ಬೇಕಾ, ಇಷ್ಟು ಜಮೀನು ಬೇಕಾ, ಯಾರ ಬದುಕಿಗೆ ಪೆಟ್ಟು ಬೀಳುತ್ತೆ ಎಂದು ಊರಿಗೇ ಬಂದು ಕೇಳುವ ಕೆಲಸ ಅದು. ಕಾಯ್ದೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದೇ. ಅದಕ್ಕೇ ಇರಬೇಕು, 2019ರಲ್ಲಿ ಕರ್ನಾಟಕ ತಿದ್ದುಪಡಿ ತಂದು ನೀರಾವರಿ, ಮೂಲಸೌಕರ್ಯದಂಥ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಡುವ ದಾರಿ ಮಾಡಿಕೊಂಡಿತು.

ಆಮೇಲೆ ಪ್ರಾಥಮಿಕ ಅಧಿಸೂಚನೆ, ಅಂದರೆ ಸೆಕ್ಷನ್ 11. ಇಲ್ಲಿಂದ 60 ದಿನದೊಳಗೆ ಆಕ್ಷೇಪಣೆ ಹಾಕಬೇಕು. ಅಧಿಸೂಚನೆ ಬಂದ ಮೇಲೆ ಜಿಲ್ಲಾಧಿಕಾರಿಯ ಅನುಮತಿ ಇಲ್ಲದೆ ಆ ಜಮೀನನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ. 12 ತಿಂಗಳೊಳಗೆ ಸೆಕ್ಷನ್ 19ರ ಅಂತಿಮ ಘೋಷಣೆ ಬರಬೇಕು. ಅಲ್ಲಿಂದ ಇನ್ನು 12 ತಿಂಗಳೊಳಗೆ ಐತೀರ್ಪು, ಅಂದರೆ ಪರಿಹಾರ ಎಷ್ಟು, ಯಾರಿಗೆ ಎಂಬ ಜಿಲ್ಲಾಧಿಕಾರಿಯ ಆದೇಶ. ಅವಧಿ ವಿಸ್ತರಿಸದೆ ದಾಟಿದರೆ ಪ್ರಕ್ರಿಯೆ ಬಿದ್ದುಹೋಗುತ್ತದೆ. ಐತೀರ್ಪನ್ನೇ ನಮ್ಮೂರಿನವರು ಅವಾರ್ಡ್ ಅನ್ನುವುದು. ದೊಡ್ಡಪ್ಪನಿಗೆ ಮೊದಲ ಸಲ "ಅವಾರ್ಡ್ ಆಗಿದೆ" ಅಂದಾಗ "ಯಾರಿಗೋ? ಏನ್ ಸಾಧನೆ ಮಾಡಿದ್ರು?" ಎಂದು ಕೇಳಿದ್ದರು.

ರಾಷ್ಟ್ರೀಯ ಹೆದ್ದಾರಿಯಾದರೆ ಕಥೆಯೇ ಬೇರೆ. ಅಲ್ಲಿ 1956ರ ಹೆದ್ದಾರಿ ಕಾಯ್ದೆ. ಸೆಕ್ಷನ್ 3ಎ ಅಧಿಸೂಚನೆ, ಅಂದರೆ ಜಮೀನು ಬೇಕು ಅನ್ನುವ ಮೊದಲ ಪ್ರಕಟಣೆ, ಗೆಜೆಟ್‌ನಲ್ಲೂ ಎರಡು ಪತ್ರಿಕೆಗಳಲ್ಲೂ ಬರುತ್ತದೆ. ಅದರಲ್ಲೊಂದು ಸ್ಥಳೀಯ ಭಾಷೆಯದು. ಆಕ್ಷೇಪಣೆಗೆ 60 ದಿನ ಅಲ್ಲ, ಬರೀ 21 ದಿನ. 3ಡಿ ಘೋಷಣೆ ಆದ ಕ್ಷಣವೇ ಕಾಗದದ ಮೇಲೆ ಜಮೀನು ಕೇಂದ್ರ ಸರ್ಕಾರದ್ದಾಗಿಬಿಡುತ್ತದೆ. ಪರಿಹಾರ ಎಷ್ಟು ಅಂತ ಲೆಕ್ಕ ಹಾಕುವುದು ಆಮೇಲೆ. ಹಣ ಠೇವಣಿ ಇಟ್ಟು ನೋಟಿಸ್ ಕೊಟ್ಟ ಮೇಲೆ ಬಿಟ್ಟುಕೊಡಲು 60 ದಿನ. ಹಣ ಸಾಲದು ಅನ್ನುವವರು ಹೋಗಬೇಕಾದ್ದು ಕೇಂದ್ರ ಸರ್ಕಾರ ನೇಮಿಸಿದ ಆರ್ಬಿಟ್ರೇಟರ್, ಅಂದರೆ ಮಧ್ಯಸ್ಥಗಾರರ ಬಳಿ. ಹೆಚ್ಚಾಗಿ ಅದು ಜಿಲ್ಲಾಧಿಕಾರಿಯೇ ಆಗಿರುತ್ತಾರೆ. ರೈಲ್ವೆಗೂ ತನ್ನದೇ ಕಾಯ್ದೆ ಇದೆ. ಸಮಾಧಾನದ ವಿಷಯ ಅಂದರೆ, 2015ರ ಜನವರಿ 1ರಿಂದ ಇವೆರಡರಲ್ಲೂ ಪರಿಹಾರದ ಮೊತ್ತವನ್ನು ಲೆಕ್ಕ ಹಾಕುವುದು 2013ರ ಕಾಯ್ದೆಯ ಪ್ರಕಾರವೇ.

ಕೈಗಾರಿಕಾ ಪ್ರದೇಶ ಅಂದರೆ ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ), 1966ರ ರಾಜ್ಯ ಕಾಯ್ದೆ. ನೋಟಿಸಿನಲ್ಲಿ 28(1), 28(4) ಅಂತ ಕಂಡರೆ ಅದೇ. ಅಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಕೂತು ಎಕರೆಗೆ ಇಷ್ಟು ಅಂತ ಮಾತಾಡಿ ಒಪ್ಪಂದದ ದರ ಮಾಡುವುದು ಜಾಸ್ತಿ. ಒಪ್ಪಂದಕ್ಕೆ ಸಹಿ ಹಾಕಿದರೆ ಹಣ ಬೇಗ ಬರುತ್ತದೆ. ಆದರೆ ಆಮೇಲೆ ಇನ್ನೂ ಬೇಕು ಅಂತ ಕೋರ್ಟಿಗೆ ಹೋಗುವ ಬಾಗಿಲು ಮುಚ್ಚಿದ ಹಾಗೆ. ಬೇಗ ಬಂದ ಹಣಕ್ಕೂ ಬೆಲೆ ಇದೆ, ತಪ್ಪೇನಿಲ್ಲ. ಸಹಿ ಹಾಕುವಾಗ ಗೊತ್ತಿದ್ದು ಹಾಕಬೇಕು ಅಷ್ಟೇ.

ಇನ್ನು ಪೈಪ್‌ಲೈನ್. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್ ಪೈಪ್ ಹೋಗಿದೆಯಲ್ಲ, ಅದರಲ್ಲಿ ಜಮೀನು ತೆಗೆದುಕೊಳ್ಳುವುದೇ ಇಲ್ಲ. 1962ರ ಕಾಯ್ದೆಯಡಿ ಬಳಕೆಯ ಹಕ್ಕು ಮಾತ್ರ. ಪಹಣಿ ನಿಮ್ಮ ಹೆಸರಲ್ಲೇ ಇರುತ್ತದೆ, ಕಂದಾಯವೂ ನೀವೇ ಕಟ್ಟಬೇಕು. ರಾಗಿ ಬಿತ್ತಬಹುದು, ಆಲೂಗೆಡ್ಡೆ ಹಾಕಬಹುದು. ಆದರೆ ಆ ಪಟ್ಟಿಯೊಳಗೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಬೆಳೆಹಾನಿ ಬಿಟ್ಟರೆ, ಹಕ್ಕಿಗೆ ಸಿಗುವುದು ಜಮೀನಿನ ಬೆಲೆಯ 10%. ಹೊಲ ಇದ್ದವರಿಗೆ ಹೇಗೋ ನಡೆಯುತ್ತದೆ. ತೋಟ ಇದ್ದವರಿಗೆ ಮರವಿಲ್ಲದ ಆ ಪಟ್ಟಿ ಹೋದ ಜಮೀನೇ.

ಎಷ್ಟು ಬರುತ್ತೆ?

ಇದೇ ನಿಜವಾದ ಗಂಟು. "ಹಳ್ಳೀಲಿ ನಾಲ್ಕು ಪಟ್ಟು ಕೊಡ್ತಾರಂತೆ" ಅನ್ನುವ ಮಾತು ಟೀ ಅಂಗಡಿಯಲ್ಲಿ ಓಡಾಡುತ್ತಿರುತ್ತದೆ. ಯಾವುದರ ನಾಲ್ಕು ಪಟ್ಟು ಅಂತ ಯಾರೂ ಕೇಳುವುದಿಲ್ಲ.

ಕಾಯ್ದೆ ಜಮೀನಿನ ಬೆಲೆಗೆ ಮೂರು ಅಳತೆ ಕೊಡುತ್ತದೆ. ಒಂದು, ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರ. ಎರಡು, ಹತ್ತಿರದಲ್ಲಿ ಅದೇ ಬಗೆಯ ಜಮೀನು ಹಿಂದಿನ ಮೂರು ವರ್ಷದಲ್ಲಿ ಮಾರಾಟವಾದ ಸರಾಸರಿ. ಮೂರು, ಕಂಪನಿ ಅಥವಾ ಸಹಭಾಗಿತ್ವದ ಯೋಜನೆಯಾದರೆ ಒಪ್ಪಿಕೊಂಡ ಮೊತ್ತ. ಇವುಗಳಲ್ಲಿ ಯಾವುದು ಜಾಸ್ತಿಯೋ ಅದು. ಸರಾಸರಿ ತೆಗೆಯುವುದರಲ್ಲಿ ಒಂದು ಒಳ್ಳೆಯ ಅಂಶ ಇದೆ. ಹತ್ತು ಕ್ರಯಪತ್ರ ಸಿಕ್ಕಿದರೆ, ಬೆಲೆ ಜಾಸ್ತಿ ಇರುವ ಐದನ್ನು ಮಾತ್ರ ಹಿಡಿದು ಸರಾಸರಿ ಮಾಡಬೇಕು. ಕಡಿಮೆ ಇರುವ ಐದು ಲೆಕ್ಕಕ್ಕಿಲ್ಲ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ನಮ್ಮೂರಿಗೆ ಬನ್ನಿ. ಇಲ್ಲಿ ಜಮೀನು ಮಾರುವಾಗ ಕೈಗೆ ಬರುವ ಹಣ ಒಂದು, ಪತ್ರದಲ್ಲಿ ಬರೆಯುವುದು ಇನ್ನೊಂದು. ಮುದ್ರಾಂಕ ಶುಲ್ಕ ಉಳಿಯಲಿ ಅಂತ ಮಾರ್ಗಸೂಚಿ ದರಕ್ಕೆ ಸರಿಯಾಗಿ ಬರೆಸುತ್ತಾರೆ, ಮೇಲೆ ಒಂದು ರೂಪಾಯಿ ಇಲ್ಲ. ನಮ್ಮ ಮನೆಯಲ್ಲೂ ಅದೇ ಆಗಿತ್ತು. ಕಲ್ಲು ನೆಡುವ ಎರಡು ವರ್ಷ ಮೊದಲು ಪಕ್ಕದ ತುಂಡನ್ನು ತೆಗೆದುಕೊಂಡಿದ್ದೆವು. ನೋಂದಣಿ ಮುಗಿಸಿ, ಶುಲ್ಕ ಉಳಿಸಿದ ಖುಷಿಯಲ್ಲಿ ಎಲ್ಲರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿಂದಿದ್ದೆವು. ಐತೀರ್ಪಿನ ಕಡತ ತೆಗೆದು ನೋಡಿದರೆ, ನಮ್ಮ ಬೆಲೆ ಕಟ್ಟಲು ಹಿಡಿದ ಪತ್ರಗಳಲ್ಲಿ ನಮ್ಮದೇ ಪತ್ರ ಇತ್ತು. ಆ ದೋಸೆಯಷ್ಟು ದುಬಾರಿ ತಿಂಡಿ ನಾವು ಇನ್ಯಾವತ್ತೂ ತಿಂದಿಲ್ಲ.

ಅಂದರೆ, ಊರಿನವರೆಲ್ಲ ಮಾರ್ಗಸೂಚಿ ದರಕ್ಕೇ ಬರೆಸಿದರೆ, ಮೊದಲನೆಯ ಅಳತೆ ಮತ್ತು ಎರಡನೆಯ ಅಳತೆ ಒಂದೇ ಆಗಿಬಿಡುತ್ತವೆ. ಜಾಸ್ತಿ ಯಾವುದು ಅಂತ ಆರಿಸಲು ಏನೂ ಉಳಿಯುವುದಿಲ್ಲ.

ಒಂದು ಲೆಕ್ಕ ಹಾಕೋಣ. ಅಂಕಿ ನಾನು ಸುಮ್ನೆ ಉದಾಹರಣೆಗೆ ತೆಗೆದುಕೊಂಡದ್ದು. 20 ಗುಂಟೆ, ಅಂದರೆ ಅರ್ಧ ಎಕರೆ. ಎಕರೆಗೆ ಪತ್ರದ ದರ 12 ಲಕ್ಷ. ಹಾಗಾದರೆ ಜಮೀನಿನ ಬೆಲೆ 6 ಲಕ್ಷ. ಹಳ್ಳಿಯ ಜಮೀನಿಗೆ ಇದನ್ನು 1ರಿಂದ 2ರೊಳಗಿನ ಒಂದು ಅಂಶದಿಂದ ಗುಣಿಸಬೇಕು. ಪಟ್ಟಣದಿಂದ ಎಷ್ಟು ದೂರ ಎಂಬುದರ ಮೇಲೆ ರಾಜ್ಯ ಸರ್ಕಾರ ಅದನ್ನು ನಿಗದಿ ಮಾಡುತ್ತದೆ. 1.5 ಅಂತ ಇಟ್ಟುಕೊಳ್ಳಿ. 9 ಲಕ್ಷ ಆಯಿತು. ಅದಕ್ಕೆ ಮರ, ಗಿಡ, ಪಂಪ್‌ಹೌಸ್ ಎಲ್ಲ ಸೇರಿ 2 ಲಕ್ಷ. 11 ಲಕ್ಷ. ಇದರ ಮೇಲೆ 100% ಸೊಲೇಷಿಯಂ, ಅಂದರೆ ನಿಮ್ಮ ಇಷ್ಟಕ್ಕೆ ವಿರುದ್ಧವಾಗಿ ತೆಗೆದುಕೊಂಡಿದ್ದಕ್ಕೆ ಕೊಡುವ ಸಮಾಧಾನದ ಹಣ. 22 ಲಕ್ಷ ಆಯಿತು. 1894ರ ಕಾಯ್ದೆಯಲ್ಲಿ ಈ ಸೊಲೇಷಿಯಂ 15% ಇತ್ತು, 1984ರಲ್ಲಿ 30% ಆಯಿತು, 2013ರಲ್ಲಿ 100%. ಇದಲ್ಲದೆ ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆಯ ದಿನದಿಂದ ಐತೀರ್ಪು ಅಥವಾ ಸ್ವಾಧೀನ, ಯಾವುದು ಮೊದಲೋ ಅಲ್ಲಿಯವರೆಗೆ, ಜಮೀನಿನ ಬೆಲೆಗೆ ವರ್ಷಕ್ಕೆ 12% ಹೆಚ್ಚುವರಿ. 6 ಲಕ್ಷಕ್ಕೆ ಒಂದು ವರ್ಷಕ್ಕೆ 72 ಸಾವಿರ. ಇದರ ಮೇಲೆ ಸೊಲೇಷಿಯಂ ಇಲ್ಲ.

ಒಟ್ಟು 22 ಲಕ್ಷ 72 ಸಾವಿರ. ದೊಡ್ಡ ಮೊತ್ತ ಅನ್ನಿಸುತ್ತದೆ. ಆದರೆ ಅದೇ ಜಮೀನು ಊರಿನಲ್ಲಿ ಎಕರೆಗೆ 40 ಲಕ್ಷಕ್ಕೆ ಕೈ ಬದಲಾಗುತ್ತಿದ್ದರೆ? ಅರ್ಧ ಎಕರೆಗೆ 20 ಲಕ್ಷ ಆಯಿತು. ನಾಲ್ಕು ಪಟ್ಟು ಅಂದುಕೊಂಡಿದ್ದು ಪೇಟೆ ಬೆಲೆಗೆ ಹೆಚ್ಚೂಕಡಿಮೆ ಸಮ. ಮೂರು ವರ್ಷ ಮೊದಲು ಯಾರೋ ಒಂದಿಬ್ಬರು ನಿಜವಾದ ಬೆಲೆಗೆ ಪತ್ರ ಬರೆಸಿದ್ದರೆ ಇಡೀ ಊರಿನ ಲೆಕ್ಕ ಬೇರೆ ಆಗುತ್ತಿತ್ತು. ಕಲ್ಲು ನೆಟ್ಟ ಮೇಲೆ ಯಾರಾದರೂ ಜಾಣತನ ಮಾಡಿ ದೊಡ್ಡ ಮೊತ್ತಕ್ಕೆ ಪತ್ರ ಬರೆಸಿದರೆ? ನಿಜವಾದ ಬೆಲೆಯನ್ನು ತೋರಿಸುವುದಿಲ್ಲ ಅನ್ನಿಸಿದ ಪತ್ರವನ್ನು ಬದಿಗಿಡುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ.

ಜಂಟಿ ಅಳತೆಯ ದಿನ

ಜಮೀನಿನ ಬೆಲೆ ನಮ್ಮ ಕೈಯಲ್ಲಿಲ್ಲ ಅಂದುಕೊಳ್ಳೋಣ. ಮೇಲಿನ 2 ಲಕ್ಷ ಇದೆಯಲ್ಲ, ಮರ, ಗಿಡ, ಕಟ್ಟಡ, ಅದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಅದೂ ಒಂದೇ ದಿನ, ಜಂಟಿ ಅಳತೆಯ ದಿನ. ಅವತ್ತು ಬರೆದ ಪ್ರತಿ ಸಾವಿರ ರೂಪಾಯಿ ಸೊಲೇಷಿಯಂ ಸೇರಿ ಎರಡು ಸಾವಿರ ಆಗುತ್ತದೆ. ಬರೆಯದೆ ಬಿಟ್ಟದ್ದು ಸೊನ್ನೆಯಾಗಿಯೇ ಉಳಿಯುತ್ತದೆ.

ನಮ್ಮಲ್ಲಿ ಸರ್ವೆಯವರು ಬಂದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಬಿಸಿಲು. ಸಂಜೆಯೊಳಗೆ ಇನ್ನೂ ಆರು ತೋಟ ಮುಗಿಸಬೇಕು ಅನ್ನುವ ಅವಸರ. ಒಬ್ಬರು ಮರ ಎಣಿಸಿ ಕೂಗುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಸಿಲ್ವರ್ 46, ಹಲಸು 3, ರೋಬಸ್ಟಾ ಕಾಫಿ ಇಷ್ಟು ಸಾಲು. ಮೆಣಸಿನ ಬಳ್ಳಿಯನ್ನು ಬರೆಯಲಿಲ್ಲ. "ಮರಕ್ಕೆ ಹಬ್ಬಿರೋದಲ್ವಾ, ಮರದ ಲೆಕ್ಕದಲ್ಲೇ ಬಂತು" ಅಂದರು. ನಾವು ಗಂಡಸರು ತಲೆ ಆಡಿಸಿಬಿಟ್ಟಿದ್ದೆವು. ದೊಡ್ಡಮ್ಮ ಬಿಡಲಿಲ್ಲ. ಮಜ್ಜಿಗೆ ಕೊಡಲು ಬಂದವರು ಲೋಟ ಕೆಳಗಿಟ್ಟು, "ಮರ ನಿಮಗೆ ಸೌದೆ ಸ್ವಾಮಿ. ನಮಗೆ ಬಳ್ಳೀನೇ ಸಂಬಳ. ಒಂದೊಂದೂ ಎಣಿಸಿ" ಅಂದರು. ಒಂದು ಗಂಟೆ ಹೆಚ್ಚು ಹಿಡಿಯಿತು. 41 ಬಳ್ಳಿ ಸೇರಿತು.

ಆದರೆ ಒಂದನ್ನು ನಾವು ಯಾರೂ ಹೇಳಲಿಲ್ಲ. ಗೆರೆಯ ಆ ಕಡೆ ಬಾವಿ, ಈ ಕಡೆ ತೋಟ ಉಳಿಯಿತು. ಬಾವಿ ಹೋಗಲಿಲ್ಲವಲ್ಲ ಅಂತ ಖುಷಿಪಟ್ಟಿದ್ದೆವು. ಕೆಲಸ ಶುರುವಾದ ಮೇಲೆ ಪೈಪ್ ದಾಟಿಸಲು ಜಾಗ ಇಲ್ಲ. ಉಳಿದ ಜಮೀನಿಗೆ ಹೀಗೆ ಪೆಟ್ಟು ಬಿದ್ದರೆ, ತುಂಡಾಗಿ ಹೋದರೆ, ಅದಕ್ಕೂ ನಷ್ಟ ಕಟ್ಟಬೇಕು ಅಂತ ಸೆಕ್ಷನ್ 28ರಲ್ಲೇ ಇದೆ. ಕೇಳಬೇಕಷ್ಟೇ, ಅದೂ ಐತೀರ್ಪಿಗೆ ಮುಂಚೆ, ಬರವಣಿಗೆಯಲ್ಲಿ. ಮನೆಯ ಒಂದು ಭಾಗ ಮಾತ್ರ ಹೋಗುತ್ತಿದ್ದರೆ, ತೆಗೆದುಕೊಳ್ಳುವುದಾದರೆ ಪೂರ್ತಿ ಮನೆ ತೆಗೆದುಕೊಳ್ಳಿ ಎಂದು ಹೇಳುವ ಹಕ್ಕು ಸೆಕ್ಷನ್ 94ರಲ್ಲಿದೆ. ಹಜಾರ ಕಿತ್ತು ಅಡುಗೆಮನೆ ಮಾತ್ರ ಉಳಿಸಿಕೊಂಡು ಕೂತವರನ್ನು ನೋಡಿದ್ದೇನೆ, ಅವರಿಗೆ ಇದು ಗೊತ್ತಿರಲಿಲ್ಲ.

ಮರಮುಟ್ಟಿನ ಬೆಲೆ ಅರಣ್ಯ ಇಲಾಖೆಯಿಂದ ಬರುತ್ತದೆ, ತೋಟದ ಬೆಳೆಗೆ ತೋಟಗಾರಿಕೆಯವರು, ಕಟ್ಟಡಕ್ಕೆ ಲೋಕೋಪಯೋಗಿಯವರು. ಮೂರೂ ಕಡೆಯ ವರದಿಯ ಪ್ರತಿ ಕೇಳಿ ಇಟ್ಟುಕೊಂಡರೆ ಒಳ್ಳೆಯದು. ಮೊಬೈಲಿನಲ್ಲಿ ತೋಟದ ವಿಡಿಯೋ ಮಾಡಿಟ್ಟರೆ ಇನ್ನೂ ಒಳ್ಳೆಯದು. ಮಹಜರಿಗೆ ಸಹಿ ಹಾಕುವ ಮೊದಲು ಓದಿ. ಎಲ್ಲರೂ ನಿಂತಿದ್ದಾರೆ, ಕಾಯಿಸಬಾರದು ಅನ್ನುವ ದಾಕ್ಷಿಣ್ಯ ಅವತ್ತೊಂದು ದಿನ ಬೇಡ.

ಹಣ ಯಾರಿಗೆ?

ಪಹಣಿಯಲ್ಲಿ ಹೆಸರು ಇದ್ದವರಿಗೆ. ಕೇಳೋಕೆ ಸುಲಭ. ನಮ್ಮ ಕಡೆ ಅರ್ಧ ಪಹಣಿಗಳು ಸತ್ತವರ ಹೆಸರಲ್ಲಿವೆ. ಅಜ್ಜ ಹೋಗಿ ಮೂವತ್ತು ವರ್ಷ ಆದರೂ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಿರುವುದಿಲ್ಲ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡು ಬೇಲಿ ಹಾಕಿಕೊಂಡಿರುತ್ತಾರೆ, ಪೋಡಿ, ಅಂದರೆ ಸರ್ವೆಯಲ್ಲಿ ತುಂಡು ಬೇರೆ ಮಾಡುವುದು, ಆಗಿರುವುದಿಲ್ಲ. ಗೆರೆ ಹೋಗುವುದು ತಮ್ಮನ ತುಂಡಿನ ಮೇಲೆ, ಜಂಟಿ ಖಾತೆ ಅಂತ ಪರಿಹಾರ ಬರುವುದು ನಾಲ್ಕೂ ಜನರ ಹೆಸರಿಗೆ. ಆಗ ಶುರುವಾಗುತ್ತದೆ. ಮದುವೆ ಮಾಡಿಕೊಟ್ಟ ಅತ್ತೆಯಂದಿರ ಹಕ್ಕಿನ ಮಾತೂ ಆಗಲೇ ಏಳುತ್ತದೆ. ಏಳಲೂ ಬೇಕು, ಅದು ಅವರ ಹಕ್ಕು. ಯಾರಾದರೂ ಒಬ್ಬರು ತಕರಾರು ಅರ್ಜಿ ಕೊಟ್ಟರೆ ಸಾಕು, ಹಣ ಪ್ರಾಧಿಕಾರದಲ್ಲಿ, ಅಂದರೆ ಪರಿಹಾರದ ತಕರಾರು ತೀರ್ಮಾನಿಸುವ ಕಡೆ, ಠೇವಣಿಯಾಗುತ್ತದೆ. ಜಮೀನು ಹೋಗುತ್ತದೆ, ಯಂತ್ರ ಬರುತ್ತದೆ, ಹಣ ಮಾತ್ರ ಅಲ್ಲೇ ಕೂತಿರುತ್ತದೆ.

ಖರಾಬಿನದ್ದು ಇನ್ನೊಂದು ಕಥೆ. ಪಹಣಿಯಲ್ಲಿ 'ಎ' ಖರಾಬು, 'ಬಿ' ಖರಾಬು ಅಂತ ಇರುತ್ತದೆ. 'ಎ' ಅಂದರೆ ನಿಮ್ಮ ಹಿಡುವಳಿಯಲ್ಲೇ ಸೇರಿದ, ಸಾಗುವಳಿಗೆ ಬಾರದ ಜಾಗ. 'ಬಿ' ಅಂದರೆ ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ. ನೀವು ಇಪ್ಪತ್ತು ವರ್ಷದಿಂದ ಅಲ್ಲಿ ಅಡಿಕೆ ಇಟ್ಟಿದ್ದರೂ 'ಬಿ' ಖರಾಬು ಸರ್ಕಾರದ್ದೇ.

ಜಮೀನು ಇಲ್ಲದವರನ್ನೂ 2013ರ ಕಾಯ್ದೆ ಮರೆತಿಲ್ಲ. ಆ ಜಮೀನನ್ನೇ ನಂಬಿ ಮೂರು ವರ್ಷದಿಂದ ಬದುಕುತ್ತಿರುವ ಕೂಲಿಯವರು, ಗೇಣಿದಾರರು ಎಲ್ಲ ಬಾಧಿತ ಕುಟುಂಬದ ಲೆಕ್ಕಕ್ಕೆ ಬರುತ್ತಾರೆ. ಬಾಧಿತ ಕುಟುಂಬಕ್ಕೆ ಕೆಲಸ, ಇಲ್ಲವೇ ಒಟ್ಟಿಗೆ 5 ಲಕ್ಷ, ಇಲ್ಲವೇ 20 ವರ್ಷ ತಿಂಗಳಿಗೆ 2,000ಕ್ಕೆ ಕಡಿಮೆಯಿಲ್ಲದ ಹಣ, ಈ ಮೂರರಲ್ಲಿ ಒಂದು ಅಂತ ಎರಡನೇ ಅನುಸೂಚಿ ಹೇಳುತ್ತದೆ. ತೋಟದ ಲೈನ್ ಮನೆಯಲ್ಲಿರುವ ಎಷ್ಟು ಕೂಲಿಯವರಿಗೆ ಇದು ಗೊತ್ತಿದೆ? ಅವರ ಹೆಸರು ಪಟ್ಟಿಗೆ ಸೇರಿಸಿ ಅಂತ ಎಷ್ಟು ಮಾಲೀಕರು ಹೇಳುತ್ತಾರೆ?

ಮೂರು ಶಬ್ದ, ಮೂರು ತಿಂಗಳು

ಐತೀರ್ಪಿನ ಹಣ ಕಡಿಮೆ ಅನ್ನಿಸಿತು. ತೆಗೆದುಕೊಳ್ಳಬೇಕಾ, ಬಿಡಬೇಕಾ? ತೆಗೆದುಕೊಳ್ಳಿ. ಆದರೆ ಸಹಿ ಹಾಕುವ ಜಾಗದಲ್ಲಿ "ಆಕ್ಷೇಪಣೆಗೆ ಒಳಪಟ್ಟು ಸ್ವೀಕರಿಸಿದೆ" ಎಂದು ಬರೆದು ಸಹಿ ಹಾಕಿ. ಈ ಮೂರು ಶಬ್ದ ಇಲ್ಲದೆ ಹಣ ತೆಗೆದುಕೊಂಡವರಿಗೆ ಸೆಕ್ಷನ್ 64ರಲ್ಲಿ ಹೆಚ್ಚಿನ ಪರಿಹಾರ ಕೇಳುವ ಅರ್ಹತೆ ಇಲ್ಲ. ಐತೀರ್ಪಿನ ದಿನ ನೀವು ಹಾಜರಿದ್ದರೆ ಆರು ವಾರದೊಳಗೆ ಅರ್ಜಿ ಕೊಡಬೇಕು. ನಮ್ಮ ದೊಡ್ಡಪ್ಪ ಬರೆಯದೆ ಸಹಿ ಹಾಕಿ ಬಂದಿದ್ದರು. ಕೌಂಟರಿನಲ್ಲಿ ಕೂತವರು "ಇಲ್ಲಿ ಹಾಕಿ" ಅಂದ ಕಡೆ ಹಾಕಿದ್ದಾರೆ, ಅಷ್ಟೇ.

ಆದರೂ ಒಂದು ಕಿಟಕಿ ತೆರೆದಿತ್ತು. ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ಇನ್ನೊಬ್ಬರು ಕೇಸು ಹಾಕಿ, ಪ್ರಾಧಿಕಾರ ಅವರಿಗೆ ಜಾಸ್ತಿ ಕೊಟ್ಟರೆ, ಸೆಕ್ಷನ್ 64ರ ಅರ್ಜಿ ಹಾಕದೇ ಇದ್ದವರೂ ಅದೇ ದರ ಕೇಳಬಹುದು. ಇದು ಸೆಕ್ಷನ್ 73. ಆ ತೀರ್ಪು ಬಂದ ಮೂರು ತಿಂಗಳೊಳಗೆ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. ಆದ್ದರಿಂದ ಪಕ್ಕದ ತೋಟದವರ ಜೊತೆ ಬೇಲಿ ಜಗಳ ಇದ್ದರೂ ಅವರ ಕೇಸಿನ ತಾರೀಕು ತಿಳಿದುಕೊಳ್ಳುತ್ತಿರಿ.

ಈ ಕಾಯ್ದೆಯಡಿ ಬಂದ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಬ್ಯಾಂಕಿನಲ್ಲಿಟ್ಟ ಮೇಲೆ ಬರುವ ಬಡ್ಡಿಗೆ ಇದೆ.

ತೆಗೆದುಕೊಂಡು ಖಾಲಿ ಬಿಟ್ಟರೆ ವಾಪಸ್ ಬರುತ್ತಾ? ಹಾಸನದವರು ಇದನ್ನು ಕೇಳುವುದಕ್ಕೆ ಕಾರಣ ಇದೆ. ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಶಂಕುಸ್ಥಾಪನೆ ಆದದ್ದು 2007ರಲ್ಲಿ. ಅಲ್ಲಿಂದ ಕಾಯುತ್ತಲೇ ಇದ್ದೇವೆ. ಐಐಟಿ ಹಾಸನಕ್ಕೇ ಬರುತ್ತದೆ ಅಂತ ಜಮೀನಿನ ಮಾತಾಗಿ, ಕೊನೆಗೆ ಅದು ಧಾರವಾಡದಲ್ಲಿ 2016ರಲ್ಲಿ ಶುರುವಾಯಿತು. 2013ರ ಕಾಯ್ದೆಯ ಸೆಕ್ಷನ್ 101ರ ಪ್ರಕಾರ, ಸ್ವಾಧೀನಕ್ಕೆ ತೆಗೆದುಕೊಂಡು ಐದು ವರ್ಷ ಬಳಸದಿದ್ದರೆ ಜಮೀನನ್ನು ಮೂಲ ಮಾಲೀಕರಿಗೆ ಅಥವಾ ಸರ್ಕಾರದ ಭೂ ಬ್ಯಾಂಕಿಗೆ ಕೊಡಬೇಕು. ಆ 'ಅಥವಾ' ನೋಡಿ. ಆಟ ಇರುವುದೇ ಅಲ್ಲಿ. ಅದೂ ಆ ಕಾಯ್ದೆಯಡಿ ತೆಗೆದುಕೊಂಡ ಜಮೀನಿಗೆ ಮಾತ್ರ, ಹಳೆಯ ಕಾಯ್ದೆಯಲ್ಲಿ ಹೋದದ್ದಕ್ಕಲ್ಲ.

ಆಕ್ಷೇಪಣೆಯ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. "ನಮ್ಮ ತಾತನ ಕಾಲದ ತೋಟ, ದಯವಿಟ್ಟು ಬಿಡಿ" ಎಂದು ಬರೆದ ಅರ್ಜಿಗಳನ್ನು ರಾಶಿಗಟ್ಟಲೆ ನೋಡಿದ್ದೇನೆ, ನಮ್ಮದೂ ಹಾಗೇ ಇತ್ತು. ಅವು ಕಡತ ಸೇರುತ್ತವೆ, ಅಷ್ಟೇ. ಕಾಯ್ದೆ ಕೇಳುವುದು ಬೇರೆ. ಈ ಜಾಗ ಈ ಕೆಲಸಕ್ಕೆ ಸೂಕ್ತವಾ, ಇಷ್ಟು ಬೇಕಾ, ಸಾರ್ವಜನಿಕ ಉದ್ದೇಶ ನಿಜವಾ. ಹಾಗಾಗಿ ಪಕ್ಕದಲ್ಲಿ ಗೋಮಾಳವೋ ಸರ್ಕಾರಿ ಬೀಳೋ ಇದ್ದರೆ ಅದರ ಸರ್ವೆ ನಂಬರ್ ಬರೆಯಬೇಕು, ನಕ್ಷೆ ಅಂಟಿಸಬೇಕು, ಗೆರೆ ಎಷ್ಟು ಮೀಟರ್ ಸರಿಸಿದರೆ ಯಾವ ಮನೆ, ಯಾವ ಬಾವಿ ಉಳಿಯುತ್ತದೆ ಎಂದು ತೋರಿಸಬೇಕು. ನಮ್ಮ ಕೆಳಗಿನ ಊರಿನವರು ಹೀಗೆ ಕೊಟ್ಟ ಅರ್ಜಿಯಿಂದ ಗೆರೆ ಒಂದು ದೇವರ ಬನದ ಆ ಕಡೆಗೆ ಸರಿಯಿತು.

ಮೊನ್ನೆ ಬೇಲೂರು ಕಡೆಯ ನಮ್ಮ ನೆಂಟರೊಬ್ಬರು ಫೋನ್ ಮಾಡಿದ್ದರು. ಅವರ ಹೊಲದಲ್ಲೂ ಕಲ್ಲು ಬಂದಿದೆಯಂತೆ. ಎಕರೆಗೆ ಎಷ್ಟು ಕೊಡ್ತಾರೆ ಅಂತ ಕೇಳಿದರು. ಅದಿರಲಿ ಭಾವ, ಪಹಣಿ ಯಾರ ಹೆಸರಲ್ಲಿದೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ತಾತಂದೇ ಇರ್ಬೇಕು ಕಣೋ" ಅಂದರು.